ಕೊಯಿಂಬ್ರಾದ ಕೆಮ್ಮು

ಬೆಳಿಗ್ಗೆ ಎದ್ದು ಒಟೀಲಿಯಾ ಮಾಡಿದ ಮೊದಲ ಕೆಲಸವೆಂದರೆ ಗಂಟಲು ಸರಿಮಾಡಿಕೊಂಡದ್ದು. ಎರಡನೆಯದು, ಹಾಗೆ ಮಾಡಿದ್ದಕ್ಕೆ ನಾಚಿಕೊಂಡದ್ದು. ಒಂಟಿ ಮನೆ, ಕೇಳಿಸಿಕೊಳ್ಳಲು ಕಿಟಕಿಯ ಹೊರಗಿನ ಪಾರಿವಾಳಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಆದರೆ ಕೊಯಿಂಬ್ರಾದಲ್ಲಿ ಹುಟ್ಟಿ ಬೆಳೆದವಳಿಗೆ ಗಂಟಲಿನ ಆ ಸದ್ದು ಬರೀ ಸದ್ದಲ್ಲ. ಇಲ್ಲಿ ಫಾದೊ ಎಂಬ ಅಗಲಿಕೆಯ ಹಾಡು ಹಾಡಿ ಮುಗಿಸಿದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಚಪ್ಪಾಳೆ ಲಿಸ್ಬನ್ನಿನವರಿಗೆ, ಅವರು ಊಟ ಮಾಡುತ್ತ ಹಾಡು ಕೇಳುವ ಜನ. ಕೊಯಿಂಬ್ರಾದವರು ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಕೆಮ್ಮುತ್ತಾರೆ: ಗಂಟಲು ಕಟ್ಟಿಬಂತು, ಮಾತು ಹೊರಡಲಿಲ್ಲ, ಅದಕ್ಕೇ ಸರಿಮಾಡಿಕೊಂಡೆವು ಎನ್ನುವ ಹಾಗೆ. ಚಳಿಗೆ ಊರೆಲ್ಲ ಕೆಮ್ಮುವ ಫೆಬ್ರವರಿಯಲ್ಲಿ ಹಾಡಿದರೆ ಇಲ್ಲಿ ಎಲ್ಲರೂ ಮಹಾ ಗಾಯಕರೇ ಎಂದು ಊರವರೇ ತಮಾಷೆ ಮಾಡಿಕೊಳ್ಳುತ್ತಾರೆ. ಈಗ ಫೆಬ್ರವರಿಯೇ. ಇನ್ನೂ ಹಾಡೇ ಇಲ್ಲ, ಆಗಲೇ ನನಗೆ ನಾನೇ ಶಹಭಾಸ್ ಹೇಳಿಕೊಂಡೆನಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಂಡು ಅವಳು ಒಲೆಯ ಮೇಲೆ ನೀರಿಟ್ಟು ನಿಂಬೆಯ ಸಿಪ್ಪೆ ಹೆರೆದು ಹಾಕಿದಳು.

ಮಧ್ಯಾಹ್ನ ಅವಳು ಸೆರೋದಿಯೊನ ಹಾಡು ಹಾಡಬೇಕಿತ್ತು, ಅದೂ ಸೆರೋದಿಯೊನ ಮನೆಯಲ್ಲೇ. ಈ ಊರಿನ ಹಾಡುಗಾರ ಔರೆಲಿಯಾನೊ ಸೆರೋದಿಯೊ ಸತ್ತು ಬಹಳ ಕಾಲವಾಗಿತ್ತು. ಅವನ ಹಾಡುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿದಂತಿರಲಿಲ್ಲ. ಲಿಸ್ಬನ್ನಿನ ತಾರೆಯೊಬ್ಬಳು ಪಿಟೀಲುಗಳ ಹಿಂಡಿನ ನಡುವೆ ನಿಂತು ಅವನ್ನು ಹಾಡಿದ್ದಳು. ಪೋರ್ಟೊದ ಹುಡುಗರು ಡ್ರಮ್ಮು ಬಡಿದುಕೊಂಡು ಹಾಡಿದ್ದರು. ‘ತೆರೆದ ಬಾಗಿಲು’ ಎಂಬ ಅವನ ಬಲು ಪ್ರೀತಿಯ ಹಾಡಿನ ಪಲ್ಲವಿಯನ್ನು ಯಾರೋ ಬೆಣ್ಣೆಯ ಜಾಹೀರಾತಿಗೆ ಹಾಕಿಕೊಂಡಿದ್ದರು. ಒಟೀಲಿಯಾ ಎಲ್ಲವನ್ನೂ ಕೇಳುತ್ತಿದ್ದಳು, ಯಾರನ್ನೂ ಕ್ಷಮಿಸುತ್ತಿರಲಿಲ್ಲ, ಪಾತ್ರೆ ತೊಳೆಯುವಾಗ ಬೆಣ್ಣೆಯದನ್ನೂ ಗುನುಗುತ್ತಿದ್ದಳು. ಹೊಸ ಹಾಡುಗಾರರ ದನಿಗಳನ್ನೆಲ್ಲ ಮಿಷನ್ನಿಗೆ ಕೊಟ್ಟು ಇಸ್ತ್ರಿ ಹಾಕಿಸುತ್ತಾರೆ, ಒಂದು ಸುಕ್ಕೂ ಉಳಿಯುವುದಿಲ್ಲ ಎಂದು ತೆಲ್ಮೊ ಹೇಳುತ್ತಿದ್ದ. ತೆಲ್ಮೊ ಅವಳ ಹಳೆಯ ಶಿಷ್ಯ, ಈಗ ತಲೆ ಬೋಳಾಗುತ್ತಿರುವ ಧ್ವನಿಮುದ್ರಕ. ಅವನು ಸೆರೋದಿಯೊನ ಹಾಡುಗಳದೊಂದು ರೆಕಾರ್ಡಿನ ತಟ್ಟೆ ಹೊರತರುತ್ತಿದ್ದ: ಒಂದು ಮೈಕು, ಒಂದು ಗಿಟಾರು, ಒಂದು ಗಂಟಲು, ತುಂಡು ತುಂಡಾಗಿ ಹಾಡಿಸಿ ಹೊಲಿಯುವುದಿಲ್ಲ, ಶ್ರುತಿ ತಿದ್ದುವುದಿಲ್ಲ, ಬಿದ್ದದ್ದು ಬಿದ್ದ ಹಾಗೇ. ‘ತೆರೆದ ಬಾಗಿಲು’ ನಿಮ್ಮದು ಟೀಚರ್ ಎಂದು ಅವನು ಫೋನು ಮಾಡಿದಾಗ ಒಟೀಲಿಯಾ, ಹೆಂಗಸರು ಹಾಡುವ ಹಾಡಲ್ಲಪ್ಪ ಅದು, ಎಂದಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ಅವನು ಎಲ್ಲಿ ಒಪ್ಪಿಕೊಂಡುಬಿಡುತ್ತಾನೋ ಎಂದು ಹೆದರಿದ್ದಳು.

ಅದು ಸುಳ್ಳಲ್ಲ. ಕೊಯಿಂಬ್ರಾದಲ್ಲಿ ಹಾಡುವವರು ಗಂಡಸರು, ಕರಿಯ ನಿಲುವಂಗಿಯ ವಿದ್ಯಾರ್ಥಿಗಳು. ಹೆಂಗಸರದು ಕಿಟಕಿಯ ಹಿಂದೆ ನಿಂತು ಕೇಳುವ ಕೆಲಸ, ಮೆಚ್ಚಿದರೆ ದೀಪವನ್ನೊಮ್ಮೆ ಆರಿಸಿ ಹಚ್ಚುವ ಕೆಲಸ. ಒಟೀಲಿಯಾ ಶಾಲೆಯಲ್ಲಿ ಸಂಗೀತದ ಟೀಚರಾಗಿ ಜೀವಮಾನವಿಡೀ ಮೀಸೆ ಚಿಗುರುವ ಹುಡುಗರಿಗೆ ಸೆರೋದಿಯೊನನ್ನು ಕಲಿಸಿದಳು. ಎಲ್ಲಿ ಉಸಿರು, ಎಲ್ಲಿ ಇಳಿಜಾರು, ಎಲ್ಲಿ ಆ ಹೆಸರಾಂತ ಗಂಟು, ಎಲ್ಲವನ್ನೂ. ಗಂಟು ಎಂದರೆ ‘ತೆರೆದ ಬಾಗಿಲಿ’ನ ಕೊನೆಯ ಸಾಲಿನಲ್ಲಿ, ‘ಬಾಗಿಲು’ ಎನ್ನುವ ಮಾತಿಗೆ ಮೊದಲು ಸೆರೋದಿಯೊನ ದನಿ ಚಕ್ಕನೆ ನಿಂತು ಎಡವಿ ಮುಂದೆ ಹೋಗುವ ಜಾಗ. ಅವನ ಹಳೆಯ ತಟ್ಟೆಯಲ್ಲಿ ಅದಿದೆ. ಅಂದಿನಿಂದ ಹಾಡಿದವರೆಲ್ಲ ಅಲ್ಲಿ ಎಡವುತ್ತಾರೆ, ಪಿಟೀಲಿನವಳೂ ಎಡವಿದಳು, ಬೆಣ್ಣೆಯವರೂ ಎಡವಿದರು. ಸೆರೋದಿಯೊನ ಗಂಟು ಬಾರದವನಿಗೆ ಸೆರೋದಿಯೊ ಬರುವುದಿಲ್ಲ ಎಂದು ಒಟೀಲಿಯಾ ಪಾಠ ಮಾಡುತ್ತಿದ್ದಳು. ಆಮೇಲೆ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗರು ವೇದಿಕೆಯ ಮೇಲೆ, ಅವಳು ಮೂರನೆಯ ಸಾಲಿನ ಕುರ್ಚಿಯಲ್ಲಿ. ಒಂದು ಸಲ ಪಕ್ಕದಲ್ಲಿ ಕೂತಿದ್ದ ಯಾರದೋ ತಾಯಿ ಅವಳ ಮೊಣಕೈ ಮುಟ್ಟಿ, ಸ್ವಲ್ಪ ಬಾಯಿ ಮುಚ್ಚಿಕೊಳ್ಳುತ್ತೀರಾ, ನನ್ನ ಮಗನ ಹಾಡು ಕೇಳಿಸುತ್ತಿಲ್ಲ ಎಂದು ತುಂಬಾ ಮರ್ಯಾದೆಯಿಂದ ಕೇಳಿದ್ದಳು. ಬಾಯಿ ತೆರೆದದ್ದೇ ಒಟೀಲಿಯಾಳಿಗೆ ಗೊತ್ತಿರಲಿಲ್ಲ. ಬೆನ್ನು ಮುರುಕ ಮೆಟ್ಟಿಲು ಎಂದು ಊರವರು ಕರೆಯುವ ಆ ಕಡಿದಾದ ಓಣಿಯನ್ನು ಈಗ ಮಫ್ಲರು ಸುತ್ತಿಕೊಂಡು ಹತ್ತುತ್ತಿರುವಾಗಲೂ ಆ ಮೊಣಕೈ ಚುರ್ರೆಂದಿತು. ಮಿಠಾಯಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದವಳು, ಏನು ಪೂರ್ತಿ ಕಪ್ಪು ಬಟ್ಟೆ, ಯಾರು ಹೋದರು, ಎಂದು ಕೇಳಿದಳು. ಯಾರೂ ಇಲ್ಲ, ಹಾಡೋಕೆ ಹೊರಟಿದ್ದೀನಿ ಎನ್ನಲು ಬಾಯಿ ಬಾರದೆ ಒಟೀಲಿಯಾ, ದೂರದ ಸಂಬಂಧ, ಎಂದುಬಿಟ್ಟಳು.

ದೂರದ್ದೂ ಅಲ್ಲ, ಸಂಬಂಧವೂ ಅಲ್ಲ. ಒಂದು ಪರದೆ, ಅಷ್ಟೇ. ಹತ್ತೊಂಬತ್ತರ ಹುಡುಗಿ ಅವಳಾಗ. ಅಣ್ಣ ಲಿಸೀನಿಯೊ ಸೆರೋದಿಯೊನ ಹತ್ತಿರ ಹಾಡು ಕಲಿಯಲು ಹೋಗುತ್ತಿದ್ದ; ಸಂಜೆ ಅವನ ಜೊತೆಯಲ್ಲೇ ಮನೆಗೆ ಬರಬೇಕೆಂದು ಅಮ್ಮನ ಕಟ್ಟಪ್ಪಣೆ ಇದ್ದುದರಿಂದ ಇವಳೂ ಹೋಗಿ, ಅಡುಗೆಮನೆಯಲ್ಲಿ ಸೆರೋದಿಯೊನ ಹೆಂಡತಿ ಎರ್ಮೆಲಿಂಡಾಳ ಜೊತೆ ಕೂತು ಚೆಸ್ಟ್‌ನಟ್ ಕಾಯಿಗಳನ್ನು ಗೀರಿ ಕೊಡುತ್ತಿದ್ದಳು. ಗೀರದೆ ಸುಟ್ಟರೆ ಅವು ಸಿಡಿಯುತ್ತವೆ. ಅಡುಗೆಮನೆಗೂ ಹಾಡಿನ ಕೋಣೆಗೂ ನಡುವೆ ಬಾಗಿಲಿರಲಿಲ್ಲ, ದಪ್ಪನೆಯ ಹಸಿರು ಪರದೆ ಇತ್ತು. ಒಂದು ದಿನ ಹುಡುಗರು ತಂತಿ ತರಲು ಕೆಳಗೆ ಹೋಗಿದ್ದರು. ಒಲೆಯ ಬಿಸಿ, ಕಾಯಿಯ ವಾಸನೆ, ಇಡೀ ಮಧ್ಯಾಹ್ನ ಕೇಳಿ ಕೇಳಿ ಬಾಯಿಗೆ ಹತ್ತಿದ ಹಾಡು. ಅವಳು ಚಾಕು ಹಿಡಿದುಕೊಂಡೇ ‘ತೆರೆದ ಬಾಗಿಲ’ನ್ನು ಮೊದಲಿಂದ ಕೊನೆಯವರೆಗೆ ಹಾಡಿಬಿಟ್ಟಳು. ಮುಗಿದ ಮೇಲೆ ಗೊತ್ತಾಯಿತು, ಪರದೆಯ ಆಚೆ ಯಾರೋ ಇದ್ದಾರೆಂದು. ಆಗ ಬಂತು ಸೆರೋದಿಯೊನ ಕೆಮ್ಮು. ಒಂದೇ ಒಂದು, ಚಿಕ್ಕದು, ಹದವಾದದ್ದು. ಎರ್ಮೆಲಿಂಡಾ ಥಟ್ಟನೆ ಎದ್ದು ಒಂದು ಲೋಟ ನೀರು ಹಿಡಿದುಕೊಂಡು ಪರದೆ ಸರಿಸಿ ಆಚೆ ಹೋದಳು. ನನ್ನ ಹೆಸರು ಹೇಳಲು ಹೋದಳು ಎಂದುಕೊಂಡು ಒಟೀಲಿಯಾ ಎದೆ ಹಿಡಿದು ಕೂತಳು, ಕಾಯಿ ಕರಕಲಾದವು. ಅಷ್ಟೇ ನಡೆದದ್ದು. ಆದರೆ ಆ ವರ್ಷ ಕಡಲ ದಡದ ಫಿಗೇರಾ ಊರಿನ ಅಂಚೆ ಕಚೇರಿಯ ಕೆಲಸ ಬೇಡವೆಂದು ಅವಳು ಅಪ್ಪನ ಎದುರು ನಿಂತದ್ದು, ಸಂಗೀತ ಓದಿದ್ದು, ಎಲ್ಲ ಆ ಒಂದು ಕೆಮ್ಮಿನ ಬಲದ ಮೇಲೆ. ಯಾರಿಗೂ ಹೇಳಿಕೊಂಡವಳಲ್ಲ. ಹೇಳಿಕೊಂಡರೆ ಯಾರಾದರೂ, ನೆಗಡಿ ಇತ್ತೇನೋ, ಎಂದುಬಿಟ್ಟರೆ? ಗಂಡ ಬದುಕಿದ್ದಾಗ ಅವನಿಗೂ ಹೇಳಿರಲಿಲ್ಲ, ಅವನು ಖಂಡಿತ ಹಾಗೇ ಅನ್ನುವ ಜಾತಿ.

ಹಸಿರು ಪರದೆ ಇನ್ನೂ ಅಲ್ಲೇ ಇತ್ತು, ಬಣ್ಣ ಮಾತ್ರ ಬೂದಿಗೆ ತಿರುಗಿತ್ತು. ಅದನ್ನು ಕಂಡು ಒಟೀಲಿಯಾಳಿಗೆ ಮೆಟ್ಟಿಲು ಹತ್ತಿದ ಏದುಸಿರು ಇನ್ನಷ್ಟಾಯಿತು. ಕೋಣೆಯ ನಡುವೆ ಒಂದು ಮೈಕು, ಅದರ ಪಕ್ಕ ಗಿಟಾರು ಹಿಡಿದು ಕೂತ ಕುಸ್ತೋದಿಯೊ. ಸೆರೋದಿಯೊನ ಕಾಲದಿಂದ ಅವನ ಹಾಡುಗಳಿಗೆ ಗಿಟಾರು ನುಡಿಸುತ್ತ ಬಂದವನು, ಕೈ ಎಷ್ಟು ಮೃದುವೋ ನಾಲಿಗೆ ಅಷ್ಟೇ ಒರಟು. ಮೂಲೆಯ ಆರಾಮ ಕುರ್ಚಿಯಲ್ಲಿ ಎರ್ಮೆಲಿಂಡಾ, ಶಾಲು ಹೊದ್ದು, ಮಡಿಲಲ್ಲಿ ಜೇನಿನ ಪೆಪ್ಪರಮೆಂಟಿನ ಡಬ್ಬಿ ಇಟ್ಟುಕೊಂಡು, ಕೆಮ್ಮುತ್ತಿದ್ದಳು. ಅದು ಹದವಾದ ಕೆಮ್ಮಲ್ಲ. ಎದೆಯ ತಳದಿಂದ ಕೆರೆದುಕೊಂಡು ಬರುವ ಮುದಿ ಕೆಮ್ಮು, ಒಂದು ಬಂದರೆ ಹಿಂದೆಯೇ ಇನ್ನೊಂದು. ಬೆಳಿಗ್ಗೆ ಹಾಡಲು ಬಂದಿದ್ದ ಡಾಕ್ಟರೊಬ್ಬರ ಹಾಡು ಇದೇ ಕೆಮ್ಮಿಗೆ ಸಿಕ್ಕಿ ಮತ್ತೆ ಮತ್ತೆ ನಿಂತಿತಂತೆ. ಕೊನೆಗೆ ಡಾಕ್ಟರು ಹಾಡು ಬಿಟ್ಟು ಔಷಧಿಯ ಚೀಟಿ ಬರೆದುಕೊಟ್ಟು ಹೋದರಂತೆ. ತೆಲ್ಮೊ ಇದನ್ನು ಒಟೀಲಿಯಾಳ ಕಿವಿಯಲ್ಲಿ ಹೇಳಿದ. ಮನೆ ಅವರದು, ಹಾಡು ಅವರ ಗಂಡನದು, ಆಚೆ ಹೋಗಿ ಕೂತ್ಕೊಳ್ಳಿ ಅಂತ ಯಾರು ಹೇಳುವುದು ಟೀಚರ್ ಎಂದು ತಲೆ ಕೆರೆದುಕೊಂಡ.

“ಯಾರದು? ಲಿಸೀನಿಯೊನ ತಂಗೀನಾ?” ಎಂದಳು ಎರ್ಮೆಲಿಂಡಾ. “ದಪ್ಪ ಆಗಿದ್ದೀಯ ಹುಡುಗೀ. ಒಳ್ಳೇದಾಯ್ತು. ಆಗ ಕಡ್ಡಿ ಇದ್ದ ಹಾಗಿದ್ದೆ.”

“ಆಗ ನೀವು ಹಾಕಿದ ಸೂಪು ಈಗ ಮೈಗೆ ಹತ್ತಿದೆ, ದೋನಾ ಎರ್ಮೆಲಿಂಡಾ,” ಎಂದು ಒಟೀಲಿಯಾ ಅವಳ ಕೆನ್ನೆಗೆ ಕೆನ್ನೆ ತಾಗಿಸಿದಳು. ಕರ್ಪೂರದ ಎಣ್ಣೆಯ ವಾಸನೆ. ಅರವತ್ತರ ಹತ್ತಿರದವಳನ್ನು ಹುಡುಗಿ ಎನ್ನಲು ಈ ಊರಿನಲ್ಲಿ ಇನ್ನೂ ಒಬ್ಬರು ಉಳಿದಿದ್ದಾರಲ್ಲ ಎಂದು ಅವಳಿಗೆ ಸುಮ್ಮನೆ ಖುಷಿಯಾಯಿತು.

ವಿಶ್ವವಿದ್ಯಾಲಯದ ಗೋಪುರದ ಗಂಟೆಗೆ ಊರವರಿಟ್ಟ ಹೆಸರು ಮೇಕೆ. ಮೇಕೆ ಕೂಗಿ ಸುಮ್ಮನಾದ ಮೇಲೆ ಮುಂದಿನ ಕೂಗಿನೊಳಗೆ ಹಾಡು ಮುಗಿಸಬೇಕು. ಇಲ್ಲದಿದ್ದರೆ ಅದೂ ಹಾಡುತ್ತದೆ, ಎಂದ ತೆಲ್ಮೊ. ಮೇಕೆ ಕೂಗಿತು. ಎರ್ಮೆಲಿಂಡಾ ಒಂದು ಸುತ್ತು ಕೆಮ್ಮಿ ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡಳು. ಕುಸ್ತೋದಿಯೊ ಶುರು ಮಾಡಿದ. ಒಟೀಲಿಯಾ ಮೈಕಿನ ಎದುರು ನಿಂತು, ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿ ಹಾಡಿದಳು. ಹಾಡು ಬಂತು. ಎಲ್ಲಿ ಉಸಿರೋ ಅಲ್ಲಿ ಉಸಿರು, ಎಲ್ಲಿ ಇಳಿಜಾರೋ ಅಲ್ಲಿ ಇಳಿಜಾರು. ಮಧ್ಯದಲ್ಲಿ ಎರ್ಮೆಲಿಂಡಾ ಕೆಮ್ಮಿದಳು; ತೆಲ್ಮೊ ಕಣ್ಣು ಮುಚ್ಚಿಕೊಂಡ, ಆದರೂ ನಿಲ್ಲಿಸಬೇಡಿ ಎಂದು ಕೈ ಆಡಿಸಿದ. ಕೊನೆಯ ಸಾಲು ಬಂತು: ನೀನು ಬಾರದೆ ಹೋದರೂ ನಾ ಮುಚ್ಚಲಾರೆ ಈ... ಅವಳು ನಿಂತಳು, ಎಡವಿದಳು, ‘ಬಾಗಿಲು’ ಎಂದಳು. ಅಚ್ಚು ಸೆರೋದಿಯೊ. ಅವಳಿಗೇ ಗೊತ್ತಾಯಿತು, ಅಚ್ಚು ಸೆರೋದಿಯೊ ಎಂದು.

ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ತೆಲ್ಮೊ ತೆಗೆದ. ಹದಿನಾಲ್ಕು ವರ್ಷದವನಿದ್ದಾಗ ಒಟೀಲಿಯಾ ಅವನನ್ನು ಕರೆದು, ನಿನಗಿರುವುದು ಕಿವಿ ಕಣಪ್ಪ, ಗಂಟಲಲ್ಲ, ಎಂದಿದ್ದಳು. ಅವನು ಅತ್ತಿದ್ದ. ಅದೇ ಕಿವಿ ಈಗ ಅವಳ ಮುಂದೆ ಕೂತು ಏನು ಹೇಳಲಿ ಎಂದು ಯೋಚಿಸುತ್ತಿತ್ತು. ಚೆನ್ನಾಗಿದೆ ಟೀಚರ್, ಎಂದ. ಅವರ ಹಾಗೇ ಇದೆ, ಎಂದ. ಆಮೇಲೆ ಮೈಕಿನ ವೈರು ಸರಿಮಾಡುತ್ತ, ಅವರದು ಆಗಲೇ ನಮ್ಮ ಹತ್ತಿರ ಇದೆಯಲ್ಲ, ಎಂದ. ಅವಳ ಕಿವಿ ಬಿಸಿಯಾಯಿತು. ಇದೇ ಮಾತನ್ನು ಎಷ್ಟು ಹುಡುಗರಿಗೆ ತಾನು ಹೇಳಬೇಕಿತ್ತು; ಹೇಳಲಿಲ್ಲ, ಬದಲಿಗೆ ಗಂಟು ಕಲಿಸಿದಳು.

“ಅಲ್ಲಮ್ಮ,” ಎಂದಳು ಎರ್ಮೆಲಿಂಡಾ ಮೂಲೆಯಿಂದ, “ಬೆಳಗ್ಗೆ ಆ ಡಾಕ್ಟ್ರೂ ಅಲ್ಲೇ ಎಡವಿದ್ರು, ನೀನೂ ಅಲ್ಲೇ ಎಡವ್ತೀಯ. ರೇಡಿಯೋದಲ್ಲಿ ಬರೋರೂ ಅಲ್ಲೇ. ಆ ಬಾಗ್ಲಲ್ಲಿ ಏನಿದೆ, ಕಲ್ಲಾ?”

ಒಟೀಲಿಯಾ ತರಗತಿಯಲ್ಲಿ ಹೇಳುತ್ತಿದ್ದುದನ್ನೇ ಹೇಳಿದಳು. ಬರಬೇಕಾದವಳು ಬರುವುದಿಲ್ಲ ಎಂದು ಹಾಡುವವನಿಗೆ ಆ ಗಳಿಗೆಯಲ್ಲೇ ಗೊತ್ತಾಗುತ್ತದೆ. ದುಃಖಕ್ಕೆ ದನಿ ಕಟ್ಟುತ್ತದೆ. ಅದನ್ನು ತೋರಿಸಲು ಅವರು ಅಲ್ಲಿ ಹಾಗೆ.

“ದುಃಖವೂ ಇಲ್ಲ, ಮಣ್ಣೂ ಇಲ್ಲ. ಕೆಮ್ಮು ಬಂದಿತ್ತು ಅವನಿಗೆ.” ಎರ್ಮೆಲಿಂಡಾ ಪೆಪ್ಪರಮೆಂಟನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದಳು. “ಟೇಪು ಮುಗೀತಾ ಬಂದಿತ್ತಂತೆ. ಈಗ ಕೆಮ್ಮಿದ್ರೆ ಇನ್ನೊಂದ್ಸಲ ಹಾಡೋಕೆ ಟೇಪಿಲ್ಲ. ನುಂಗ್ಕೊಂಡ. ಮನೆಗೆ ಬಂದು ಅದನ್ನ ಹೇಳಿ ಹೇಳಿ ನಗ್ತಿದ್ದ. ನಕ್ಕರೆ ಮತ್ತೆ ಕೆಮ್ಮು.”

ಕುಸ್ತೋದಿಯೊ ಗಿಟಾರಿನ ಮೇಲೆ ಬಗ್ಗಿ ಭುಜ ಕುಣಿಸಿಕೊಂಡು ನಕ್ಕ. ಇಡೀ ದೇಶ ಆ ಕೆಮ್ಮನ್ನು ಸ್ವರ ಹಾಕಿ ಕಲಿತಿದೆಯಲ್ಲ ಟೀಚರಮ್ಮ, ನೀವೇ ಎಷ್ಟು ಜನಕ್ಕೆ ಕಲಿಸಿದಿರಿ, ಎಂದು ಕೇಳಿದ. ಒಟೀಲಿಯಾಳೂ ನಗಲು ನೋಡಿದಳು, ತುಟಿ ಮಾತ್ರ ಹಿಗ್ಗಿತು. ಅವಳ ಮನಸ್ಸು ಆಗಲೇ ಗಂಟನ್ನು ಬಿಟ್ಟು ಇನ್ನೊಂದು ಕಡೆಗೆ, ಹೋಗಬಾರದ ಕಡೆಗೆ ಹೊರಟಿತ್ತು. ಕೇಳಬೇಡ ಎಂದು ತನಗೇ ಹೇಳಿಕೊಂಡಳು. ಕೇಳಿದಳು.

“ಅದು ನಾನು ಅಣ್ಣನ ಜೊತೆ ಇಲ್ಲಿಗೆ ಬರ್ತಿದ್ದ ಚಳಿಗಾಲಾನಾ?”

“ಅದೇ. ಆ ಚಳಿಗಾಲ ಪೂರ್ತಿ ಕೆಮ್ಮಿದ. ಕೂತ್ರೆ ಕೆಮ್ಮು, ಎದ್ರೆ ಕೆಮ್ಮು. ಊಟಕ್ಕೆ ಬಡಿಸಿದ್ರೆ ಸೂಪಿನ ಬಟ್ಟಲಿಗೂ ಕೆಮ್ಮು.”

“ಸೂಪು ಚೆನ್ನಾಗಿತ್ತೇನೋ,” ಎಂದ ಕುಸ್ತೋದಿಯೊ.

ಎಲ್ಲರೂ ನಕ್ಕರು. ಒಟೀಲಿಯಾ ಸ್ವಲ್ಪ ನೀರು ಕುಡಿದು ಬರುತ್ತೇನೆಂದು ಪರದೆ ಸರಿಸಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ಸುಮ್ಮನೆ ನಿಂತಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಬಂದದ್ದು ನಾಚಿಕೆ, ಬೆಳಿಗ್ಗೆಯದೇ, ಆದರೆ ಈಗ ತಲೆಯಿಂದ ಕಾಲಿನವರೆಗೆ. ಸೂಪಿನ ಬಟ್ಟಲಿಗೆ ಸಿಕ್ಕಿದ್ದೇ ನನಗೂ ಸಿಕ್ಕಿದ್ದು. ಆ ದಿನ ಹಾಡುವ ಬದಲು ನಾನು ಬಟ್ಟಲು ಬೀಳಿಸಿದ್ದರೂ ಅವನು ಕೆಮ್ಮುತ್ತಿದ್ದ. ಅದನ್ನು ಹಿಡಿದುಕೊಂಡು ಅಪ್ಪನ ಮುಂದೆ ಎದೆ ಸೆಟೆಸಿ ನಿಂತೆನಲ್ಲ. ಸಂಗೀತ ಯಾರಿಗೆ ಬೇಕಾಗಿದೆ ಎಂದು ಅಪ್ಪ ಕಿರುಚಿದಾಗ, ಬೇಕಾದವರಿಗೆ ಬೇಕಾಗಿದೆ ಎಂದು ಗತ್ತಿನಿಂದ ಹೇಳಿದೆನಲ್ಲ. ಒಬ್ಬ ರೋಗಿಯ ಶ್ವಾಸಕೋಶ ನನ್ನ ಬೆನ್ನ ಹಿಂದೆ ನಿಂತಿತ್ತು. ಕೋಟು ಹಾಕಿಕೊಂಡೇ ಇದ್ದಳು. ಅಡುಗೆಮನೆಯ ಹಿಂದಿನ ಬಾಗಿಲು ತೆಗೆದರೆ ಓಣಿ, ಓಣಿ ಇಳಿದರೆ ಮನೆ. ತಲೆ ನೋಯುತ್ತಿದೆ ಎಂದು ತೆಲ್ಮೊಗೆ ಫೋನು ಮಾಡಿದರಾಯಿತು. ಅವನು ಒಳ್ಳೆಯವನು, ನಂಬಿದ ಹಾಗೆ ಮಾಡುತ್ತಾನೆ. ಮಿಠಾಯಿ ಅಂಗಡಿಯವಳು ಮಣ್ಣು ಆಯಿತಾ ಎಂದು ಕೇಳಿದರೆ, ಆಯಿತು ಎನ್ನಬಹುದು.

ಒಲೆಯ ಮೇಲಿನ ಗೂಡಿನಲ್ಲಿ ಕಾಯಿ ಸುಡುವ ತೂತು ತೂತಿನ ಬಾಣಲೆ ತೂಗುತ್ತಿತ್ತು. ಅದೇ ಇರಬಹುದು, ಬೇರೆಯದೂ ಇರಬಹುದು. ಅವಳು ಅದನ್ನು ಬೆರಳಿಂದ ಮುಟ್ಟಿದಳು, ಬೆರಳಿಗೆ ಮಸಿ ಹತ್ತಿತು. ಆಗ ಅವಳಿಗೆ ತನ್ನ ಶಾಲೆಯ ಕೋಣೆ ನೆನಪಾಯಿತು, ಯಾಕೆಂದು ಗೊತ್ತಿಲ್ಲ. ಮಳೆಗೆ ಒದ್ದೆಯಾದ ಕೋಟುಗಳ ವಾಸನೆ, ಶ್ರುತಿ ಕೆಟ್ಟ ಪಿಯಾನೊ, ಒಡೆಯುತ್ತಿರುವ ದನಿಗಳು. ಒಡೆಯುವ ದನಿಗೆ ಹೆದರಿ ಬಾಯಿ ಮುಚ್ಚಿಕೊಂಡ ಹುಡುಗನ ಪಕ್ಕ ಕೂತು, ಒಡೆಯಲಿ ಬಿಡು, ಹೊಸದು ಒಳಗಿದೆ, ಎಂದು ಹೇಳಿದ ದಿನಗಳು. ಅವರಲ್ಲಿ ಕೆಲವರು ಹಾಡುಗಾರರಾದರು, ಒಬ್ಬ ಬೇಕರಿ ಇಟ್ಟುಕೊಂಡು ಹಿಟ್ಟು ನಾದುತ್ತ ಹಾಡುತ್ತಾನೆ, ಒಬ್ಬನಿಗೆ ಕಿವಿ ಸಿಕ್ಕಿತು. ಫಿಗೇರಾದಲ್ಲಿ ಅಂಚೆ ಚೀಟಿ ಮಾರಿಕೊಂಡು ಕೂತಿದ್ದರೆ ಇದೊಂದೂ ಇರುತ್ತಿರಲಿಲ್ಲ. ಕೆಮ್ಮು ಸುಳ್ಳಿರಬಹುದು, ಅದರಿಂದ ಬಂದ ಬದುಕು ಸುಳ್ಳಲ್ಲವಲ್ಲ. ಯಾರಿಗೆ ಥ್ಯಾಂಕ್ಸ್ ಹೇಳಬೇಕು ಹಾಗಾದರೆ? ಆ ಚಳಿಗಾಲದ ಥಂಡಿಗೆ, ಸೆರೋದಿಯೊ ಸೇದುತ್ತಿದ್ದ ಅಗ್ಗದ ಸಿಗರೇಟಿಗೆ. ಅವಳಿಗೆ ನಗು ಬಂತು, ಈ ಸಲ ಪೂರ್ತಿ ಬಂತು. ಯಾರಿಗಾದರೂ ಸರಿ, ಹೇಳಲೇಬೇಕು ಎನ್ನಿಸಿತು. ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು.

“ತೆಲ್ಮೊ,” ಎಂದು ಕರೆದಳು, ಪರದೆಯ ಈಚೆಯಿಂದಲೇ. “ಮೈಕು ಅಲ್ಲೇ ಇರ್ಲಿ. ನಾನಿಲ್ಲಿಂದ ಹಾಡ್ತೀನಿ.”

ಅವನು ಪರದೆಯ ಅಂಚಿನಲ್ಲಿ ತಲೆ ಹಾಕಿದ. ಅಲ್ಲಿಂದ ದನಿ ದೂರ ಆಗುತ್ತೆ ಟೀಚರ್, ಬಟ್ಟೆ ಅಡ್ಡ ಬರುತ್ತೆ, ಎಂದ. ಆಮೇಲೆ ಒಲೆ ನೋಡಿದ, ಅವಳ ಕೈಯ ಮಸಿ ನೋಡಿದ, ಏನೋ ಕೇಳಿಸಿಕೊಳ್ಳುತ್ತಿರುವವನ ಹಾಗೆ ತಲೆ ಓರೆ ಮಾಡಿ ನಿಂತ. “ದೂರ ಇದ್ರೆ ದೂರ ಇರ್ಲಿ ಬಿಡಿ,” ಎಂದ. “ಹಾಡ್ತಿರೋದು ಇಲ್ಲೇ ತಾನೇ. ದನಿ ಎಲ್ಲಿದೆಯೋ ಅಲ್ಲಿಂದಾನೇ ಕೇಳ್ಲಿ.” ಪರದೆಯನ್ನು ಪೂರ್ತಿ ಎಳೆದು ಹೋದ. ಆಚೆ ಕುಸ್ತೋದಿಯೊ, ಗಿಟಾರಿಗೂ ಒಂದು ಸೆರಗು ಹೊದಿಸ್ತೀರಾ ಎಂದು ಕೇಳಿದ್ದು, ಎರ್ಮೆಲಿಂಡಾ ಕೆಮ್ಮಿದ್ದು, ಮತ್ತೆ ಕೆಮ್ಮಿದ್ದು, ತೆಲ್ಮೊ ಕುರ್ಚಿ ಎಳೆದು ಕೂತದ್ದು ಎಲ್ಲ ಕೇಳಿಸಿತು. ಮೇಕೆ ಕೂಗಿತು. ಅದರ ಗುಂಯ್ ಎನ್ನುವುದು ಗೋಡೆಗಳೊಳಗೆ ಇಳಿದು ಮಾಯವಾಗುವವರೆಗೆ ಎಲ್ಲರೂ ಕಾದರು.

ಒಟೀಲಿಯಾ ಒಲೆಗೆ ಒರಗಿ ಹಾಡಿದಳು. ಕಣ್ಣೆದುರು ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಟ್ಟೆ, ಅದರಲ್ಲಿ ಸಣ್ಣದೊಂದು ತೇಪೆ. ದನಿ ಮೊದಲು ಒರಟಾಗಿ ಬಂತು, ಅದನ್ನು ಸರಿಮಾಡಲು ಹೋಗಲಿಲ್ಲ. ಎರಡನೆಯ ಚರಣದಲ್ಲಿ, ಹೊಳೆಯ ಆಚೆ ದಡದ ದೀಪಗಳ ಮಾತು ಬರುವಲ್ಲಿ, ಗಂಡ ಆಸ್ಪತ್ರೆಯ ಕಿಟಕಿಯಿಂದ ಮೊಂಡೇಗೊ ಹೊಳೆ ನೋಡುತ್ತ ಮಲಗಿದ್ದುದು ನೆನಪಾಗಿ ಸ್ವರ ನಡುಗಿತು. ಸೆರೋದಿಯೊನ ತಟ್ಟೆಯಲ್ಲಿ ಅಲ್ಲಿ ನಡುಕವಿಲ್ಲ. ನಡುಗಲಿ ಎಂದುಕೊಂಡಳು, ಇಲ್ಲಿ ನನ್ನ ದನಿ ಕಟ್ಟಿದೆ, ಅವನದು ಇನ್ನೆಲ್ಲೋ ಕಟ್ಟಿತ್ತು. ಹಾಡು ಕಲಿಸುವಾಗ ಇದು ಎಂದೂ ಹೊಳೆದಿರಲಿಲ್ಲ. ಕೊನೆಯ ಸಾಲು ಬಂತು. ನೀನು ಬಾರದೆ ಹೋದರೂ ನಾ ಮುಚ್ಚಲಾರೆ ಈ ಬಾಗಿಲು. ಅಲ್ಲಿ ಕಲ್ಲೂ ಇರಲಿಲ್ಲ, ಗಂಟೂ ಇರಲಿಲ್ಲ. ಬಾಗಿಲು ಬಾಗಿಲಿನ ಹಾಗೇ ತೆರೆದಿತ್ತು, ಅವಳು ಸುಮ್ಮನೆ ದಾಟಿದಳು. ಕುಸ್ತೋದಿಯೊನ ಕೊನೆಯ ತಂತಿ ಮಿಡಿದು, ತೆಳ್ಳಗಾಗಿ, ಇಲ್ಲವಾಗುವವರೆಗೆ ಉಸಿರು ಬಿಡದೆ ನಿಂತಳು. ಯಾರೂ ಕೆಮ್ಮಲಿಲ್ಲ. ಕೆಮ್ಮದಿದ್ದರೂ ಪರವಾಗಿಲ್ಲ ಎನ್ನಿಸಿದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

ಆಮೇಲೆ ಪರದೆಯ ಆಚೆ ಅದು ಸಿಡಿಯಿತು. ಊರವರ ಮರ್ಯಾದೆಯ ಕೆಮ್ಮಲ್ಲ. ಕಟ್ಟೆ ಒಡೆದ ಹಾಗೆ ಒಂದರ ಮೇಲೊಂದು, ಉಸಿರು ಸಿಗದೆ, ನಡುವೆ ಕೀರಲು ಎಳೆದುಕೊಂಡು, ಮತ್ತೆ, ಮತ್ತೆ. ಒಟೀಲಿಯಾ ಯೋಚಿಸದೆ ನಲ್ಲಿಯ ಕೆಳಗೆ ಲೋಟ ಹಿಡಿದು, ತುಂಬಿಸಿ, ಪರದೆ ಸರಿಸಿ ಓಡಿದಳು. ಎರ್ಮೆಲಿಂಡಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದಳು, ಮುಖ ಕೆಂಪಡರಿ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಶಾಲಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದ ಕೈ ಇನ್ನೂ ಹಾಗೇ ಇತ್ತು. ಉಣ್ಣೆಯ ಮೇಲೆ ಹಲ್ಲಿನ ಗುರುತು. ಪೆಪ್ಪರಮೆಂಟಿನ ಡಬ್ಬಿ ನೆಲದಲ್ಲಿ ಉರುಳಿತ್ತು. ಒಟೀಲಿಯಾ ಲೋಟ ಅವಳ ತುಟಿಗೆ ಹಿಡಿದಳು, ಬೆನ್ನು ನೀವಿದಳು.

“ಮುಗೀತಾ?” ಎಂದಳು ಎರ್ಮೆಲಿಂಡಾ ಉಸಿರು ಸಿಕ್ಕ ಮೇಲೆ. “ಪೂರ್ತಿ ಮುಗೀತಾ? ಇನ್ನೊಂದು ಸಾಲಿದ್ದಿದ್ರೆ ಸತ್ತೇ ಹೋಗ್ತಿದ್ದೆ ಹುಡುಗೀ.”

ಒಟೀಲಿಯಾಳ ಕೈ ಅವಳ ಬೆನ್ನಿನ ಮೇಲೆ ನಿಂತುಬಿಟ್ಟಿತು. ಲೋಟ. ನೀರಿನ ಲೋಟ ಹಿಡಿದು ಪರದೆ ಸರಿಸಿ ಓಡುವುದು. ಅಂದು ಎರ್ಮೆಲಿಂಡಾ ಎದ್ದು ಓಡಿದ್ದು ಅವಳ ಹೆಸರು ಹೇಳಲಿಕ್ಕಲ್ಲ. ಒಂದೇ ಒಂದು, ಚಿಕ್ಕ, ಹದವಾದ ಕೆಮ್ಮಿಗೆ ಯಾರು ನೀರು ಹಿಡಿದುಕೊಂಡು ಓಡುತ್ತಾರೆ? ಅದು ಒಂದಾಗಿರಲಿಲ್ಲ. ಕಾಯಿ ಕರಕಲಾಗುವಷ್ಟು ಹೊತ್ತು ಅದು ನಿಂತಿರಲಿಲ್ಲ. ಹೀಗೇ, ಇದೇ ರೀತಿ, ಕಟ್ಟೆ ಒಡೆದ ಹಾಗೆ. ಅವಳೇ ಅದನ್ನು ಇಷ್ಟು ವರ್ಷ ಕತ್ತರಿಸಿ, ತಿದ್ದಿ, ಇಸ್ತ್ರಿ ಹಾಕಿ, ಜೇಬಿನಲ್ಲಿ ಹಿಡಿಸುವಷ್ಟು ಮಾಡಿಕೊಂಡು ಓಡಾಡಿದ್ದಳು. ಕೂತರೆ ಕೆಮ್ಮುವ, ಎದ್ದರೆ ಕೆಮ್ಮುವ ಮನುಷ್ಯ ಪರದೆಯ ಆಚೆ ನಿಂತು, ಅವಳು ಮೊದಲಿಂದ ಕೊನೆಯವರೆಗೆ ಹಾಡುವಷ್ಟು ಹೊತ್ತು, ಒಂದು ಸದ್ದೂ ಮಾಡಿರಲಿಲ್ಲ. ಅಲ್ಲಿ ಟೇಪು ಮುಗಿಯುತ್ತಿರಲಿಲ್ಲ, ಯಾವ ಮೈಕೂ ಇರಲಿಲ್ಲ, ಹಾಡುತ್ತಿದ್ದವಳು ಕಾಯಿ ಗೀರುವ ಹುಡುಗಿ. ತಡೆದುಕೊಂಡಿದ್ದ. ಮೆಚ್ಚಿದನೋ ಇಲ್ಲವೋ, ಅದನ್ನು ಈಗ ಯಾರೂ ಹೇಳಲಾರರು. ಮುಗಿಯುವ ತನಕ ತಡೆದುಕೊಂಡಿದ್ದ. ಅವಳಿಗೆ ಈಗ ಅಳು ಬಂತು, ಸಂತೋಷಕ್ಕೇ ಬಂತು, ಮುಚ್ಚಿಟ್ಟುಕೊಳ್ಳಬೇಕು ಎನ್ನಿಸಲಿಲ್ಲ.

ಕುಸ್ತೋದಿಯೊ ಬಗ್ಗಿ ಪೆಪ್ಪರಮೆಂಟುಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬುತ್ತಿದ್ದ. ತೆಲ್ಮೊ ಕಿವಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದ, ಗುಂಡಿ ಒತ್ತಿ ನಿಲ್ಲಿಸುವುದನ್ನೂ ಮರೆತಿದ್ದ. ಆಮೇಲೆ ಗುಂಡಿ ಒತ್ತಿ, ಕೊನೆಯ ಕೆಮ್ಮು ಹಾಡಿನ ಹೊರಗೇ ಇದೆ, ಬೇಕಾದರೆ ಅಷ್ಟನ್ನು ತೆಗೆಯಬಹುದು, ಎಂದ. ಅವನ ದನಿಯಲ್ಲಿ ತೆಗೆಯುವ ಮನಸ್ಸಿರಲಿಲ್ಲ.

“ಇರ್ಲಿ,” ಎಂದಳು ಒಟೀಲಿಯಾ. “ಅದು ಹಾಡಿನ ಒಳಗೇ ಇತ್ತು. ಆಚೆ ಬರೋಕೆ ಸ್ವಲ್ಪ ತಡ ಆಯ್ತು ಅಷ್ಟೇ.”

ಎರ್ಮೆಲಿಂಡಾಗೆ ಅದು ಅರ್ಥವಾಯಿತೋ ಇಲ್ಲವೋ. ಲೋಟ ಖಾಲಿ ಮಾಡಿ, ನಿನ್ನಣ್ಣನಿಗಿಂತ ನೀನೇ ವಾಸಿ, ಅವನು ಬರೀ ಕೂಗುತ್ತಿದ್ದ, ಎಂದು ಹೇಳಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಶಾಲಿನ ಒದ್ದೆ ತುದಿ ಅವಳ ಮುಷ್ಟಿಯಲ್ಲೇ ಇತ್ತು. ಒಟೀಲಿಯಾ ಅವಳ ಎದುರು ನಿಂತು, ಹಾಡು ಮುಗಿದ ಮೇಲೆ ಈ ಊರಿನವರು ಕಾಯುವಷ್ಟು ಹೊತ್ತು ಕಾದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಆ ಮುದುಕಿಗೆ ಕೇಳಿಸುವ ಹಾಗೆ, ಗಂಟಲು ಸರಿಮಾಡಿಕೊಂಡಳು.